ಪದ್ಮಯ್ಯನ ಬಲಗೈ
ಸುಳ್ಯದ ಕಡೆ ರಬ್ಬರ್ ಟ್ಯಾಪಿಂಗ್ ಮಾಡುವ ಪದ್ಮಯ್ಯ ತನ್ನ ಬಲಗೈಯನ್ನು ಕೈ ಎನ್ನುವುದಿಲ್ಲ, "ಇವ" ಎನ್ನುತ್ತಾನೆ. ವರ್ಷಗಟ್ಟಲೆ ಮಣಿಕಟ್ಟನ್ನು ಒಂದೇ ರೀತಿ ಬಾಗಿಸಿ ಹಾಲಿಗಾಗಿ ಮರದ ತೊಗಟೆ ಕೆತ್ತಿ ಕೆತ್ತಿ ಅಲ್ಲಿಯ ನರ ನಜ್ಜುಗುಜ್ಜಾಗಿದೆ. "ಇವ ಇವತ್ತು ಸಿಟ್ಟಲ್ಲಿದ್ದಾನೆ ಮಾರಾಯ್ರೆ" ಎಂದು ಎದುರು ಸಿಕ್ಕಿದವರಿಗೆಲ್ಲ ವರದಿ ಒಪ್ಪಿಸುತ್ತಾನೆ. ಜೋಮು ಬಿಡಿಸಲು ರಸ್ತೆಬದಿಯಲ್ಲಿ ಕೈ ಕೊಡವಿದರೆ ಪುತ್ತೂರಿನ ಬಸ್ಸು ನಿಂತೇಬಿಡುತ್ತದೆ. ಕಂಡಕ್ಟರನ ಬೈಗುಳ ಕೇಳಿ ಸಾಕಾಗಿ ಈಗ ರಸ್ತೆಗೆ ಬೆನ್ನು ಹಾಕಿ ಕೊಡವುತ್ತಾನೆ. ಅಂಗಿಯ ಬಟನ್ ಹಾಕುವುದು ಹೆಂಡತಿ ಕಮಲಾವತಿ. ಚಾದ ಲೋಟವನ್ನು ತೀರ್ಥದ ಹಾಗೆ ಎರಡೂ ಕೈಯಲ್ಲಿ ಹಿಡಿಯುತ್ತಾನೆ. ಕೈಗೆ ಮೂರು ತಿಂಗಳು ರಜೆ ಕೊಡು ಎಂದ ಡಾಕ್ಟರಿಗೆ, "ಇವನಿಗೆ ರಜೆ ಕೊಟ್ಟರೆ ಮತ್ತೆ ನನ್ನನ್ನು ಕೆಲಸಕ್ಕೆ ಯಾರು ಕರೆಯುದು?" ಎಂದು ಕೇಳಿ ಎದ್ದು ಬಂದ. ಟ್ಯಾಪಿಂಗಿನವನು ಮರವನ್ನು ಕಣ್ಣಿಂದ ನೋಡುದಲ್ಲ, ಬೆರಳಿಂದ ನೋಡುದು ಎನ್ನುವುದು ಅವನ ಹಳೆಯ ಮಾತು. ಮೊನ್ನೆ ಬೆಳಗಿನ ಮಬ್ಬಿನಲ್ಲಿ ತೋಟದ ಯಜಮಾನ ಪ್ರೇಮನಾಥರು ಬಂದು, ನಿನ್ನ ಕತ್ತಿ ತೊಗಟೆ ದಾಟಿ ಮರಕ್ಕೇ ಇಳಿಯುತ್ತಾ ಉಂಟು, ಗಾಯವಾದಲ್ಲೆಲ್ಲ ಗಂಟು ಕಟ್ಟಿದೆ ಎಂದರು. ಪದ್ಮಯ್ಯ ಬಲಗೈಯಿಂದ ಮರವನ್ನು ನಿಧಾನಕ್ಕೆ ಸವರಿ, "ಎಂತ ಗಂಟು? ನುಣ್ಣಗೆ ಉಂಟಲ್ಲ" ಎಂದ. ಅವನು ಸುಳ್ಳು ಹೇಳಿರಲಿಲ್ಲ. ಪ್ರೇಮನಾಥರು ಅವನ ಮುಖ ನೋಡಿ ಹೊರಟುಹೋದರು. ಆಮೇಲೆ ಅವನು ಅದೇ ಜಾಗಕ್ಕೆ ಎಡಗೈ ಇಟ್ಟ. ಗಂಟು ಅಂಗೈಗೆ ಒತ್ತಿತು. ಮತ್ತೆ ಕತ್ತಿಯನ್ನು ಬಲಗೈಗೆ ಸಿಕ್ಕಿಸಿ, ಅದರ ಬೆರಳುಗಳನ್ನು ಎಡಗೈಯಿಂದ ಒಂದೊಂದಾಗಿ ಮಡಚಿ, ಮುಂದಿನ ಮರಕ್ಕೆ ಹೋದ.