ಫ್ಯೂಸಿಗೆ ಸುತ್ತಿದ ಫಾಯಿಲ್

ಗೆಳೆಯರೆಲ್ಲ ಸೇರಿ ಹೊರಟಿದ್ದ ಹಿಮದ ಪಿಕ್ನಿಕ್ಕಿಗೆ ಬೆಳಗಾಗುವ ಮೊದಲೇ ಕಾತ್ಯಾಯಿನಿ ಹದಿನಾಲ್ಕು ಜನಕ್ಕಾಗುವಷ್ಟು ಬಿಸಿಬೇಳೆಬಾತಿಗೆ ಒಗ್ಗರಣೆ ಹಾಕಿದಳು, ಮೊಸರನ್ನ ಕಲಸಿದಳು, ಮಗಳ ಗ್ಲೌಸನ್ನು ಡ್ರೈಯರಿನಿಂದ ತೆಗೆದಳು, ಗಂಡನ ಸ್ನೋಪ್ಯಾಂಟಿಗೆ ಗುಂಡಿ ಹೊಲಿದಳು, ಡಿಶ್‌ವಾಷರ್ ಖಾಲಿ ಮಾಡಿದಳು, ಕಸದ ಡಬ್ಬಿಯನ್ನು ರಸ್ತೆಯಂಚಿಗೆ ಎಳೆದಿಟ್ಟಳು. ಉಳಿದದ್ದು ಒಂದೇ ಕೆಲಸ. ಗರಾಜಿನಲ್ಲಿ ಟ್ರೇಲರ್ ಏರಿ ನಿಂತಿದ್ದ, ಹಿಮದ ಮೇಲೆ ಓಡಿಸುವ ಸ್ನೋಮೊಬೈಲಿನ ವೈರಿಂಗನ್ನು ಕೊನೆಯ ಸಲ ನೋಡಬೇಕಿತ್ತು. ಅಷ್ಟೂ ಕೆಲಸಗಳಲ್ಲಿ ಅವಳಿಗೆ ಇಷ್ಟವಾದದ್ದು ಅದೊಂದೇ.

ಮೈಸೂರಿನಲ್ಲಿ ಎಲೆಕ್ಟ್ರಿಕಲ್ ಡಿಪ್ಲೊಮಾ ಮುಗಿಸಿ ನಾಲ್ಕು ವರ್ಷ ಕಾರ್ಖಾನೆಯ ಪ್ಯಾನೆಲ್ ಬೋರ್ಡುಗಳಿಗೆ ವೈರ್ ಎಳೆದವಳು ಅವಳು. ಅಮೆರಿಕದ ಜರ್ಮನ್‌ಟೌನಿಗೆ ಬಂದ ಮೇಲೆ, ಗಂಡನ ವೀಸಾಕ್ಕೆ ಜೋತುಬಿದ್ದ ಅವಳ ವೀಸಾದಲ್ಲಿ ಕೆಲಸಕ್ಕೆ ಹೋಗುವಂತಿರಲಿಲ್ಲ. ಹೋದ ವರ್ಷ ಗಂಡ ರವಿಶಂಕರ್ ಮತ್ತು ಅವನ ಗೆಳೆಯ ಶ್ಯಾಮ್ ಒಂದೊಂದು ಹಳೆಯ ಸ್ನೋಮೊಬೈಲ್ ಕೊಂಡರು. ಎರಡಕ್ಕೂ ಪವರ್ ಔಟ್‌ಲೆಟ್ ಕೂರಿಸಿದ್ದು ಕಾತ್ಯಾಯಿನಿ. ಬ್ಯಾಟರಿಯಿಂದ ಒಂದು ಗೇಣೊಳಗೇ ಹತ್ತು ಆಂಪಿಯರಿನ ಫ್ಯೂಸು; ವೈರು ಪೆಟ್ರೋಲ್ ಪೈಪಿನಿಂದ ದೂರ; ಕುಲುಕಾಟಕ್ಕೆ ಉಜ್ಜದಂತೆ ಅಲ್ಲಲ್ಲಿ ಕ್ಲಿಪ್ಪು. ಫೋನ್ ಚಾರ್ಜ್ ಮಾಡಲು, ಬ್ಯಾಟರಿ ಗ್ಲೌಸು ಬೆಚ್ಚಗಾಗಿಸಲು ಅಷ್ಟು ಸಾಕು. ಗೆಳೆಯರ ವಾಟ್ಸಾಪ್ ಗ್ರೂಪಿನಲ್ಲಿ ಮಾತ್ರ ಮೆಚ್ಚುಗೆಯ ಹೆಬ್ಬೆರಳುಗಳೆಲ್ಲ ರವಿಶಂಕರನಿಗೇ ಬಿದ್ದಿದ್ದವು.

ಗರಾಜಿಗೆ ಹೋಗಿ ಸ್ನೋಮೊಬೈಲಿನ ಸೀಟು ಎತ್ತಿದಳು. ಸುಟ್ಟ ಪ್ಲಾಸ್ಟಿಕ್ಕಿನ ವಾಸನೆ ಗಪ್ಪನೆ ಮುಖಕ್ಕೆ ಹೊಡೆಯಿತು. ಟಾರ್ಚ್ ಹಿಡಿದು ಬಗ್ಗಿದಳು. ಕ್ಲಿಪ್ಪುಗಳು ಕಳಚಿದ್ದವು. ಫ್ಯೂಸಿನ ಸುತ್ತ ಏನೋ ಹೊಳೆಯಿತು. ಚಪಾತಿ ಸುತ್ತುವ ಅಡಿಗೆಮನೆಯ ಫಾಯಿಲ್! ಫ್ಯೂಸು ಇದ್ದೂ ಇಲ್ಲದಂತಾಗಿತ್ತು. ಅಲ್ಲಿಂದ ಮುಂದಕ್ಕೆ ವೈರಿನ ಮೇಲ್ಪದರ ಕರಗಿ, ಕಪ್ಪಾಗಿ, ಪೆಟ್ರೋಲ್ ಪೈಪಿಗೆ ಅಂಟಿಕೊಂಡಿತ್ತು.

ರವಿಶಂಕರ್ ಕಾಫಿ ಲೋಟ ಹಿಡಿದು ಬಂದ.

"ರೀ, ಏನ್ರೀ ಇದು?"

"ಓ, ಅದಾ? ನಿನ್ನ ಫ್ಯೂಸು ಸುಮ್ಮನೆ ಹೋಗ್ತಾನೇ ಇತ್ತು ಕಣೇ. ಕಾರ್ ಕೆಟಲ್ಲೂ ಫುಡ್ ವಾರ್ಮರೂ ಒಟ್ಟಿಗೆ ಪ್ಲಗ್ ಮಾಡಿದ್ರೆ ಢಮಾರ್. ಸ್ನೋ ಮಧ್ಯೆ ಬಿಸಿಬಿಸಿ ಬಾತ್ ಕೊಡಿಸ್ತೀನಿ ಅಂತ ಎಲ್ಲರಿಗೂ ಪ್ರಾಮಿಸ್ ಮಾಡಿಬಿಟ್ಟಿದೀನಿ. ಊರಲ್ಲಿ ಫ್ಯೂಸ್ ಹೋದ್ರೆ ನಮ್ಮಪ್ಪ ದಪ್ಪ ತಂತಿ ಕಟ್ತಿರ್ಲಿಲ್ವಾ? ಚಾಮರಾಜಪೇಟೆ ಮನೆ ಇನ್ನೂ ನಿಂತೇ ಇದೆ."

"ವೈರ್ ಕರಗಿದೆ! ಯಾವಾಗ ಆನ್ ಮಾಡಿದ್ರಿ?"

"ನಿನ್ನೆ ಸಂಜೆ. ಅಕ್ಷೂನ ಸೀಟ್ ಮೇಲೆ ಕೂರಿಸಿ ಟೀ ಕಾಸ್ದೆ."

ನಿನ್ನೆ ಸಂಜೆ ಎಂಟು ವರ್ಷದ ಅಕ್ಷಯಾ ಅಡಿಗೆಮನೆಗೆ ಓಡಿಬಂದಿದ್ದಳು. "ಅಮ್ಮಾ, ದ ಸೀಟ್ ಈಸ್ ಸೋ ವಾರ್ಮ್!" ಈರುಳ್ಳಿ ಹೆಚ್ಚುತ್ತಿದ್ದ ತಾನು ತಲೆ ಎತ್ತದೆ "ಹೌದಾ ಪುಟ್ಟಾ" ಅಂದಿದ್ದಳು. ಮಗಳ ತೊಡೆಗೂ ಪೆಟ್ರೋಲಿಗೂ ನಡುವೆ ಇದ್ದದ್ದು ಒಂದು ಸೀಟಿನ ಸ್ಪಂಜು. ಟ್ರೇಲರಿನ ಕಂಬಿ ಹಿಡಿದು ಕುಳಿತಳು.

"ಏನೂ ಆಗ್ಲಿಲ್ವಲ್ಲ, ಸೀನ್ ಮಾಡ್ಬೇಡ," ಎಂದ ರವಿಶಂಕರ್. "ನಿನಗೆ ಅರ್ಧ ಗಂಟೆ ಕೆಲಸ. ಫಿಕ್ಸ್ ಮಾಡ್ಬಿಡು. ಅಲ್ಲಿಗೆ ಹೋದ್ಮೇಲೆ ಶ್ಯಾಮಂದೂ ನೋಡ್ಬಿಡು."

"ಶ್ಯಾಮಂದಾ?"

"ಅವನಿಗೂ ಇದೇ ಟ್ರಿಕ್ ಹೇಳ್ಕೊಟ್ಟೆ. ಗ್ರೂಪಲ್ಲಿ ಮಾತ್ರ ಬಾಯಿ ಬಿಡ್ಬೇಡ ಮಾರಾಯ್ತಿ, ಮಾನ ಹೋಗುತ್ತೆ."

ಲೋಟವನ್ನು ಅವಳ ಪಕ್ಕದಲ್ಲೇ ಇಟ್ಟು ಸ್ನಾನಕ್ಕೆ ಹೋದ. ತೊಳೆಯುವವಳು ಅಲ್ಲೇ ಇದ್ದಳಲ್ಲ.

ಅವಳು ಮೊದಲು ಬ್ಯಾಟರಿಯ ವೈರು ಬಿಚ್ಚಿದಳು. ಗಂಟೆ ಆರೂವರೆ. ಏಳಕ್ಕೆ ಶ್ಯಾಮ್, ಅವನ ಹೆಂಡತಿ ಸುರಭಿ, ಐದು ವರ್ಷದ ಮಗಳು, ಮೂವರೂ ಶ್ಯಾಂಟಿಲಿ ಊರಿನ ತಮ್ಮ ಮನೆಯಿಂದ ಹೊರಡುತ್ತಾರೆ. ದಾರಿಯಲ್ಲಿ ರೆಸ್ಟ್ ಏರಿಯಾದಲ್ಲಿ ನಿಂತು, ಟ್ರೇಲರ್ ಮೇಲಿನ ಸ್ನೋಮೊಬೈಲಿನಲ್ಲೇ ಟೀ ಕಾಸಿ ಫೋಟೊ ಹಾಕುತ್ತೇನೆಂದು ಶ್ಯಾಮ್ ರಾತ್ರಿಯೇ ಗ್ರೂಪಿನಲ್ಲಿ ಬರೆದಿದ್ದ.

ಫೋನ್ ಮಾಡಿದಳು. ಶ್ಯಾಮ್ ಎತ್ತಲಿಲ್ಲ. ಸುರಭಿಯೂ ಎತ್ತಲಿಲ್ಲ; ಅವಳ ಕೈಯೂ ಈ ಹೊತ್ತಿನಲ್ಲಿ ಹಿಟ್ಟಿನಲ್ಲೋ ಮಗುವಿನ ಜಡೆಯಲ್ಲೋ ಇದ್ದೀತು. ಗ್ರೂಪಿನಲ್ಲಿ ಹಾಕಿದರೆ ಯಾರಾದರೊಬ್ಬರು ಅವರನ್ನು ತಡೆದಾರು. ಆದರೆ ಎಲ್ಲರೂ ಓದುತ್ತಾರೆ. ಗಂಡ ಆಮೇಲೆ ತಿಂಗಳುಗಟ್ಟಲೆ ಮುಖ ಊದಿಸಿಕೊಳ್ಳುತ್ತಾನೆ. ಹಿಂದೆಲ್ಲ ಅವನು ಕೆಡಿಸಿದ್ದನ್ನು ಅವಳು ಸದ್ದಿಲ್ಲದೆ ಸರಿಮಾಡಿ, ಕೈ ಒರೆಸಿಕೊಂಡು ಒಳಗೆ ಹೋಗಿದ್ದಳು.

ಕರಗಿದ ವೈರಿನ ಫೋಟೊ ತೆಗೆದಳು. ಕೆಳಗೆ ಬರೆದಳು: "ಇದು ನಮ್ಮ ಸೀಟಿನ ಕೆಳಗಿನದು. ನಿನ್ನೆ ಅಕ್ಷಯಾ ಇದರ ಮೇಲೆ ಕೂತಿದ್ದಳು. ಶ್ಯಾಮ್, ಸುರಭಿ, ಏನನ್ನೂ ಪ್ಲಗ್ ಮಾಡಬೇಡಿ, ಮಗುವನ್ನು ಹತ್ತಿಸಬೇಡಿ. ಯಾರಾದರೂ ಅವರಿಗೆ ತಕ್ಷಣ ಫೋನ್ ಮಾಡಿ. ಫ್ಯೂಸ್ ಹಾಕಿದ್ದು ನಾನು. ಫಾಯಿಲ್ ಸುತ್ತಿದ್ದು ರವಿಶಂಕರ್."

ಮೇಲೆ ಶವರ್ ನಿಂತಿತು. ಕೊನೆಯ ಹೆಸರನ್ನು ಒಮ್ಮೆ ಅಳಿಸಿದಳು. ಮತ್ತೆ ಬರೆದು ಕಳಿಸಿದಳು.