ಮೇಷ್ಟರ ಸೇಬಿನ ಪರೀಕ್ಷೆ

ಹಿತ್ತಲಿನ ಮೂರು ಸೇಬಿನ ಸಸಿಗಳಿಗೆ ಯಾವ ತಳಿಯ ಕಸಿ ಕಟ್ಟಬೇಕೆಂದು ನಿವೃತ್ತ ಮೇಷ್ಟರು ನಾಲ್ಕು ವರ್ಷದಿಂದ ಪರೀಕ್ಷೆ ನಡೆಸುತ್ತಿದ್ದರು. ನೆರೆಹೊರೆಯವರು ತಮ್ಮ ಮರದಿಂದ ಕಿತ್ತು ತಂದ ಹಣ್ಣನ್ನು ಕನ್ನಡಕ ಏರಿಸಿ ನೋಡಿ, ಒಂದು ಹೋಳು ಅಗಿದು, "ಸಿಪ್ಪೆ ದಪ್ಪ, ನಡತೆ ಸಾಲ್ದು, ನೂರಕ್ಕೆ ಮೂವತ್ತೆರಡು, ಫೇಲು!" ಎನ್ನುವರು, ಉಳಿದದ್ದನ್ನು ಮಾತ್ರ ಚೊಕ್ಕವಾಗಿ ತಿಂದು ಮುಗಿಸುವರು. ತಂದವರ ಮುಖ ಸಪ್ಪಗಾದಷ್ಟೂ ಅವರಿಗೆ ಹುರುಪು. ಮೊನ್ನೆ ಎದುರುಮನೆಯ ದರ್ಜಿಯಮ್ಮ ತಂದ ಹಣ್ಣಿಗೆ ಸೊನ್ನೆ ಕೊಡಲು ಬಾಯಿ ತೆರೆದಿದ್ದರು. ಅಷ್ಟರಲ್ಲಿ, ಕಾಯಿಲೆಯಿಂದೆದ್ದ ಮೇಲೆ ಒಂದು ವರ್ಷದಿಂದ ಯಾವ ರುಚಿಯೂ ತಿಳಿಯದಿದ್ದ ಹೆಂಡತಿ ಅದೇ ಹಣ್ಣಿನ ಹೋಳು ಕಚ್ಚಿ, ಒಂದು ಕಣ್ಣು ಮುಚ್ಚಿ, "ಅಯ್ಯಯ್ಯೋ, ಏನ್ ಹುಳಿ ರೀ!" ಎಂದು ನಕ್ಕುಬಿಟ್ಟರು. ಮೇಷ್ಟರು ಅಂಕ ಮರೆತು ದರ್ಜಿಯಮ್ಮನ ಕಡೆ ತಿರುಗಿದರು: "ಮೂರು ಸಸಿಗೂ ಆಗೋವಷ್ಟು ಕಸಿ ಕಡ್ಡಿ ಕೊಡ್ತೀಯೇನಮ್ಮಾ?"