ಹದಿನೆಂಟನೆಯ ಬಂಕರಿನ ಉಸುಕು

ಕೊರೋನಾ ಮುಗಿದು ಎರಡನೆಯ ಮಳೆಗಾಲ. ಪುಣೆಯ ಒಂದು ಗಾಲ್ಫ್ ಕ್ಲಬ್ಬಿನಲ್ಲಿ ನಾನು ಹಿರಿಯ ಕೋಚ್ ಆಗಿದ್ದೆ. ಯಾದಗಿರಿ ಕಡೆಯಿಂದ ದುಡಿಯಲು ಬಂದ, ಗಾರೆ ಕೆಲಸದ ಗೌಂಡಿಯ ಮಗ ನಾನು. ಅದೇ ಕ್ಲಬ್ಬಿನಲ್ಲಿ ಸಾಹೇಬರ ಚೀಲ ಹೊತ್ತು, ಆಟ ನೋಡಿ ಕಲಿತು, ಮೇಲೆ ಬಂದವನು. ಅದರ ಸೊಕ್ಕು ನನ್ನ ತಲೆಗೇರಿತ್ತು ಎಂಬುದನ್ನು ಮೊದಲೇ ಒಪ್ಪಿಕೊಂಡುಬಿಡುತ್ತೇನೆ.

ಆಟ ಗೊತ್ತಿಲ್ಲದವರಿಗೆ ಎರಡು ಮಾತು. ಬಂಕರ್ ಎಂದರೆ ಆಟಗಾರರನ್ನು ಕಾಡಿಸಲೆಂದೇ ತೋಡಿ ಉಸುಕು ತುಂಬಿಸಿದ ತಗ್ಗು. ಅಲ್ಲಿ ಬಿದ್ದ ಚೆಂಡಿಗೆ ನೇರವಾಗಿ ಹೊಡೆಯುವುದಿಲ್ಲ. ಅದರ ಎರಡು ಇಂಚು ಹಿಂದಿನ ಉಸುಕಿಗೆ ಹೊಡೆದರೆ ಉಸುಕೇ ಚೆಂಡನ್ನು ಎತ್ತಿ ಹೊರಗೆ ಹಾಕುತ್ತದೆ. ಅದಕ್ಕೆ ಬಳಸುವ ಕೋಲು ಸ್ಯಾಂಡ್ ವೆಜ್. ಉಸುಕು ಮೆತ್ತಗಿದ್ದರೆ ವೆಜ್‌ನ ಮುಖವನ್ನು ಆಕಾಶದ ಕಡೆ ತೆರೆದು ಹಿಡಿಯಬೇಕು. ಗಟ್ಟಿಯಿದ್ದರೆ ನೆಟ್ಟಗೆ ಹಿಡಿಯಬೇಕು, ಇಲ್ಲದಿದ್ದರೆ ಕೋಲಿನ ತಳ ಪುಟಿದು ಚೆಂಡಿನ ಹೊಟ್ಟೆಗೇ ಬಡಿಯುತ್ತದೆ. ಹೊಡೆಯುವ ಮುನ್ನ ಉಸುಕನ್ನು ಕೈಯಿಂದಾಗಲಿ ಕೋಲಿನಿಂದಾಗಲಿ ಪರೀಕ್ಷಿಸಲು ನಿಯಮ ಬಿಡುವುದಿಲ್ಲ. ನಿಲ್ಲುವಾಗ ಕಾಲಿಗೆ ತಿಳಿದಷ್ಟೇ ಲೆಕ್ಕ.

ಬಂಕರುಗಳ ಉಸುಕು ಹರಗಿ, ಸಡಿಲಿಸಿ ಸಮ ಮಾಡುತ್ತಿದ್ದವಳು ಶಾಂತವ್ವ. ನಮ್ಮ ಕಡೆಯವಳೇ. ಮೊದಲು ಕಟ್ಟಡದ ಕೆಲಸದಲ್ಲಿ ಉಸುಕು ಸಾಣಿಸುತ್ತಿದ್ದಳು. ಗಂಡ ತೀರಿಕೊಂಡ ಮೇಲೆ ಇಲ್ಲಿಗೆ ಬಂದು ಹನ್ನೆರಡು ವರ್ಷವಾಗಿತ್ತು. ಕ್ಲಬ್ಬಿನ ಹಿಂದಿನ ಒಂದು ಕೋಣೆ ಕೆಲಸದ ಜೊತೆಗೆ ಸಿಕ್ಕಿದ್ದು. ಕೆಲಸ ಹೋದರೆ ಸೂರೂ ಹೋಯಿತು.

ಆ ವರ್ಷದ ಕಪ್ ಫೈನಲ್‌ನಲ್ಲಿ ಕ್ಲಬ್ಬಿನ ಉಪಾಧ್ಯಕ್ಷರು ಆಡುವವರಿದ್ದರು. ಮೂರು ವರ್ಷದಿಂದ ನನ್ನ ಶಿಷ್ಯರು. ಹಿಂದಿನ ದಿನ ಜೋರು ಮಳೆ ಸುರಿದಿತ್ತು. ಫೈನಲ್ ದಿನ ಬೆಳಿಗ್ಗೆ ಶಾಂತವ್ವ ಹದಿನೆಂಟನೆಯ ಬಂಕರಿನಲ್ಲಿ ಬರಿಗಾಲಲ್ಲಿ ನಿಂತು ನನ್ನನ್ನು ಕರೆದಳು.

“ಸರ, ಇವತ್ತ ಉಸುಕು ಮ್ಯಾಲಷ್ಟ ಮೆತ್ತಗ ಅದ. ಎರಡು ಬೆರಳಿನ ಕೆಳಗ ಭಾಳ ಗಟ್ಟಿ ಆಗ್ಯದ್ರಿ. ಆಡೋರಿಗಿ ಹೇಳ್ರಿ.”

“ನಿನ್ನ ಕೆಲಸ ನೀ ನೋಡವ್ವ,” ಅಂದೆ. ಬಂಕರಿನ ಪಾಠ ನನಗೆ ಇವಳು ಹೇಳಬೇಕೇ? ಯಾರಿಗೂ ಹೇಳಲಿಲ್ಲ.

ಹದಿನೆಂಟನೆಯ ಹೋಲ್‌ಗೆ, ಅಂದರೆ ಚೆಂಡು ಹಾಕಬೇಕಾದ ಕೊನೆಯ ಕುಳಿಗೆ, ಬಂದಾಗ ಉಪಾಧ್ಯಕ್ಷರು ಎದುರಾಳಿಗಿಂತ ಒಂದು ಹೊಡೆತ ಕಡಿಮೆ ಹೊಡೆದು ಮುಂದಿದ್ದರು. ಚೆಂಡು ಆ ಬಂಕರಿಗೇ ಬಿತ್ತು. ನಾನು ಕಲಿಸಿದಂತೆ ವೆಜ್‌ನ ಮುಖ ತೆರೆದು ಹೊಡೆದರು. ಚೆಂಡು ಬಂಕರಿನ ಗೋಡೆಗೆ ಬಡಿದು ಅವರ ಕಾಲ ಬುಡಕ್ಕೇ ಉರುಳಿ ಬಂತು. ಎರಡನೆಯದೂ ಹಾಗೇ, ಮೂರನೆಯದೂ ಹಾಗೇ. ಕಪ್ ಕೈತಪ್ಪಿತು.

ಆ ರಾತ್ರಿಯೂ ಮಳೆ ಬಂತು. ಮರುದಿನ ಕಮಿಟಿ ನನ್ನನ್ನು ಕರೆಸಿತು. ಉಸುಕನ್ನು ಸರಿಯಾಗಿ ಹರಗದೆ ಬಿಟ್ಟದ್ದು ಶಾಂತವ್ವನ ತಪ್ಪು, ಅವಳನ್ನು ಕೆಲಸದಿಂದ ತೆಗೆಯಬೇಕು ಎಂದು ಇಂಗ್ಲಿಷಿನಲ್ಲಿ ಟೈಪ್ ಮಾಡಿದ ವರದಿ ಸಿದ್ಧವಿತ್ತು. ಕೆಳಗೆ ಕೋಚ್ ಸಹಿಯೊಂದು ಬಾಕಿ. ಸೆಕ್ರೆಟರಿ ಪೆನ್ನು ಚಾಚಿದರು. ಬಾಗಿಲ ಬಳಿ ನಿಂತಿದ್ದ ಶಾಂತವ್ವ ಕೇಳಿದಳು, “ಏನ್ ಬರದಾರ್ರಿ ಸರ?”

ಕನ್ನಡದಲ್ಲಿ ತಿಳಿಸಿದೆ.

“ನಾ ನಿಮಗ ಹೇಳಿದ್ನೆಲ್ರಿ,” ಅಂದಳು. ಅಷ್ಟೇ. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಚಾಚಿದ ಪೆನ್ನನ್ನು ಪಕ್ಕಕ್ಕೆ ಸರಿಸಿದೆ.

“ಬಂಕರಿಗೆ ನಡೆಯಿರಿ, ಆಮೇಲೆ ಸಹಿ,” ಎಂದು ಮರಾಠಿಯಲ್ಲಿ ಹೇಳಿ ಎದ್ದೆ. ನಾಟಕ ಬೇಡ ಅಂದರು ಸೆಕ್ರೆಟರಿ. “ಸಹಿ ನನ್ನದು, ಷರತ್ತೂ ನನ್ನದೇ,” ಅಂದೆ. ಗೊಣಗುತ್ತಾ ಎಲ್ಲರೂ ಬಂದರು.

ಉಪಾಧ್ಯಕ್ಷರ ವೆಜ್ಜನ್ನೇ ಇಸಕೊಂಡು ಹತ್ತು ಚೆಂಡು ಇಟ್ಟೆ. ಮೊದಲ ಐದನ್ನು ಅವರಿಗೆ ಕಲಿಸಿದ ರೀತಿಯಲ್ಲೇ ಹೊಡೆದೆ. ಐದೂ ಗೋಡೆಗೆ ಬಡಿದು ಹಿಂದೆ ಬಂದವು. ಯಾರೋ ನಕ್ಕರು, ನಗಲಿ. ಮುಖ ನೆಟ್ಟಗೆ ಮಾಡಿ ಉಳಿದ ಐದನ್ನು ಹೊಡೆದೆ. ನಾಲ್ಕು ಗ್ರೀನ್ ಮೇಲೆ, ಕುಳಿಯ ಸುತ್ತಲಿನ ನುಣುಪು ಹುಲ್ಲಿನ ಮೇಲೆ, ಕೂತವು, ಐದನೆಯದು ಅಂಚಿನ ಹುಲ್ಲಿನಲ್ಲಿ ನಿಂತಿತು.

“ಉಸುಕು ಅದೇ, ಕೋಲು ಅದೇ. ಮೆತ್ತನೆಯ ಉಸುಕಿನ ಆಟವೊಂದನ್ನೇ ಕಲಿಸಿದವನು ನಾನು. ನಿನ್ನೆ ಈಕೆ ಎಚ್ಚರಿಸಿದಾಗ ಕಿವಿಗೆ ಹಾಕಿಕೊಳ್ಳದವನೂ ನಾನು. ತೆಗೆಯುವುದಿದ್ದರೆ ನನ್ನನ್ನು ತೆಗೆಯಿರಿ.”

ಉಪಾಧ್ಯಕ್ಷರ ಮುಖ ಕೆಂಪಾಗಿತ್ತು. “ಮೂರು ವರ್ಷ ಏನು ಕಲಿಸಿದಿರಿ ಹಾಗಾದರೆ?”

“ಅರ್ಧ,” ಅಂದೆ.

ಟೈಪ್ ಮಾಡಿದ ಸಾಲುಗಳನ್ನೆಲ್ಲ ಹೊಡೆದು ಹಾಕಿ, ‘ಉಸುಕು ಸರಿಯಿತ್ತು, ಕಲಿಸಿದವನು ತಪ್ಪಿದ್ದಾನೆ’ ಎಂದು ಬರೆದು ಸಹಿ ಮಾಡಿದೆ. ಶಾಂತವ್ವನ ಕೆಲಸ ಉಳಿಯಿತು, ಕೋಣೆಯೂ ಉಳಿಯಿತು. ನನ್ನ ಮಾತನ್ನೂ ಅವರು ನಡೆಸಿಕೊಟ್ಟರು: ತಿಂಗಳ ಕೊನೆಗೆ ನನ್ನ ಕರಾರು ಮುಗಿಯಿತು, ಮುಂದುವರಿಸಲಿಲ್ಲ. ಆ ಸಹಿಯ ಬಗ್ಗೆ ನನಗೆ ಎಳ್ಳಷ್ಟೂ ಪಶ್ಚಾತ್ತಾಪವಿಲ್ಲ. ಫೈನಲ್ ದಿನ ಬೆಳಿಗ್ಗೆ ಶಾಂತವ್ವನಿಗೆ ಕೊಟ್ಟ ಉತ್ತರದ ಬಗ್ಗೆ ಇದೆ.

ಈಗ ಪುಣೆಯ ಹೊರಗಿನ ಸಣ್ಣ ಮೈದಾನವೊಂದರಲ್ಲಿ ಕಲಿಸುತ್ತೇನೆ. ಇರುವುದು ಒಂದೇ ಬಂಕರ್. ಹೊಸಬರು ಎಷ್ಟೇ ದೊಡ್ಡ ಹುದ್ದೆಯವರಿರಲಿ, ಮೊದಲ ದಿನ ಕೋಲು ಕೊಡುವುದಿಲ್ಲ. ಬೂಟು ಕಳಚಿಸಿ ಉಸುಕಿನಲ್ಲಿ ನಡೆಸುತ್ತೇನೆ. ಬೇಜಾರಾದವರು ಹೋಗಬಹುದು. ಕೆಲಸ ಬಲ್ಲವರು ಹೇಳಿದ್ದನ್ನು, ಅವರ ಕೈಯಲ್ಲಿ ಏನಿದೆ ಎಂದು ನೋಡದೆ ಕೇಳಬೇಕು. ನನ್ನ ವೃತ್ತಿ ಕಲಿಸಿದ್ದು ಇದನ್ನು, ಅದೂ ತಡವಾಗಿ.

ರಜೆಯ ದಿನ ಶಾಂತವ್ವ ಒಮ್ಮೊಮ್ಮೆ ಬಂದು ಬಂಕರಿನ ಅಂಚಿಗೆ ಕೂರುತ್ತಾಳೆ. “ಉಸುಕು ಹ್ಯಾಂಗದ, ಶಾಂತವ್ವ?” ಎಂದು ಕೇಳುತ್ತೇನೆ.

“ನನ್ನೇನ್ ಕೇಳ್ತೀರಿ? ಬೂಟು ಕಳಚ್ರಿ ಸರ, ನೀವೇ ಇಳದು ನೋಡ್ರಿ,” ಅನ್ನುತ್ತಾಳೆ.

ಶಿಷ್ಯರೆಲ್ಲ ನೋಡುತ್ತಿರುತ್ತಾರೆ. ನಾನು ಬೂಟು ಕಳಚಿ ಇಳಿಯುತ್ತೇನೆ.